ವಿಲನ್ ಅತ್ತೆಗೆ ಕೊಟ್ಟ ಸೋಬಾನೆ

ಟೀವಿ ಸೀರಿಯಲ್ಲಿನ ಆ ವಿಲನ್ ಅತ್ತೆಯನ್ನು ಬೈಯದ ಮನೆ ಆಂಧ್ರದ ಗಡಿಯ ನಮ್ಮ ಕಲ್ಯಾಣದುರ್ಗದಲ್ಲಿ ಇರಲಿಕ್ಕಿಲ್ಲ. ನನಗೋ ಅವಳ ಮೇಲೆ ವಿಚಿತ್ರ ಮೋಹ. ಕತೆಗಳ ಆ್ಯಪ್ ಒಂದರಲ್ಲಿ ಅವಳನ್ನಿಟ್ಟುಕೊಂಡು ನನ್ನದೇ ಕತೆ ಕಟ್ಟಿ, ಅಂದರೆ ಫ್ಯಾನ್ ಫಿಕ್ಷನ್ ಬರೆದು, ನನ್ನ ದನಿಯಲ್ಲೇ ಓದಿ ರೆಕಾರ್ಡ್ ಮಾಡಿ ಹಾಕುತ್ತಿದ್ದೆ. ಎಷ್ಟು ಬರೆದರೂ ಅವಳು ಬರೀ ಹಲ್ಲು ಕಡಿಯುತ್ತಿದ್ದಳು, ಮನುಷ್ಯಳಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ಅತ್ತೆ ಮಿಕ್ಸಿಯ ಸದ್ದಿನ ಮರೆಯಲ್ಲಿ ಸೋಬಾನೆ ಹಾಡುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರ ಹಾಡು ಯಾರ ಕಿವಿಗೂ ಬಿದ್ದಿರಲಿಲ್ಲ. ಮದುವೆ ಹಾಡು ಮುತ್ತೈದೆಯರದು ಎಂಬುದು ನಮ್ಮವರ ಕಟ್ಟಳೆ. ಅಂದು ಮಿಕ್ಸಿ ನಿಂತರೂ ಮೈಮರೆತು ಎರಡು ನುಡಿ ಹಾಡಿದರು. ನಾನು ಬಾಗಿಲ ಹಿಂದೆ ನಿಂತು ಫೋನಿನಲ್ಲಿ ಹಿಡಿದುಕೊಂಡೆ. ಹೊಸ ಕಂತಿನಲ್ಲಿ ನನ್ನ ವಿಲನ್ ಕದ್ದು ಹಾಡುವ ವಿಧವೆಯಾದಳು. ಹಾಡು ಅತ್ತೆಯದೇ ದನಿಯಲ್ಲಿತ್ತು. ಅವರನ್ನು ಕೇಳದೆ ಹಾಕಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದರು ಅಂತ ಗೊತ್ತಿತ್ತು.

ಹಿಂದೂಪುರದಲ್ಲಿ ನಾದಿನಿಯ ಮಗಳಿಗೆ ಅರಿಶಿಣ ಹಚ್ಚುವ ದಿನ. ಅತ್ತೆ ಎಂದಿನಂತೆ ಹಿಂದೆ, ಗೋಡೆಗೆ ಒರಗಿ ಕೂತಿದ್ದರು. "ನಮ್ಮತ್ತಿಗೆ ಹೊಸ ಕತೆ ಹಾಕವ್ಳೆ, ಕೇಳ್ರಿ," ಎಂದು ನಾದಿನಿ ಹೆಮ್ಮೆಯಿಂದ ಫೋನನ್ನು ಸ್ಪೀಕರಿಗೆ ಸೇರಿಸಿಬಿಟ್ಟಳು. ನಾನು ತಡೆಯಲು ಏಳುವಷ್ಟರಲ್ಲಿ ಹಾಡು ಶುರುವಾಗಿತ್ತು.

ಅರಿಶಿಣದ ಕೈಗಳು ನಿಂತವು. "ಇದು ನಮ್ಮಮ್ಮನ ದನಿ ಅಲ್ವಾ?" ಎಂದಳು ನಾದಿನಿ. ಬೀಗರ ಕಡೆಯ ಹಿರಿಯಾಕೆ, "ವದ್ದಮ್ಮಾ, ಆಪೇಯ್! ನಿಲ್ಸಮ್ಮ! ಹಸೆ ಮ್ಯಾಲಿರೋ ಮಗೀಗೆ ಇವಮ್ಮನ ಸೋಬಾನೆನಾ?" ಎಂದು ಗದರಿದರು. ಮೊಮ್ಮಗಳ ಮುಖವನ್ನೂ ನೋಡದೆ ಅತ್ತೆ ಎದ್ದು ಹೊರಗೆ ಹೋದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕೂತರು. ಬೈದಾದರೂ ಬಿಡಲಿ ಎಂದು ಕಾದೆ. ಕಲ್ಯಾಣದುರ್ಗ ಹತ್ತಿರ ಬಂದಾಗ ಕೇಳಿದರು, "ಆ ಕೆಟ್ಟೋಳ್ಗೆ ನನ್ ಹಾಡ್ ಯಾಕ್ ಕೊಟ್ಟೆ?"

"ಅವ್ಳೂ ನಮ್ಮಂಗೇ ಮನ್ಸಳು ಅಂತ ಜನಕ್ಕೆ ತಿಳೀಲಿ ಅಂತ, ಅತ್ತೆ."

"ನಾನ್ ಹಾಡಿದ್ದು ಕೇಳಿದ್ಮ್ಯಾಲೆ ತಾನೆ ನಿಂಗೆ ಅಂಗನ್ನಿಸಿದ್ದು?" ಅವರು ನನ್ನ ಕಡೆ ತಿರುಗಿದರು. "ಅಲ್ಲೀಗಂಟ ನನ್ನ ಏನಂದ್ಕಂಡಿದ್ದೆ, ಹೇಳಮ್ಮ?"

ಹಾಗೇನೂ ಇಲ್ಲ ಅಂದರೆ ಅದು ಸುಳ್ಳಾಗುತ್ತಿತ್ತು. ಇಷ್ಟು ದಿನ ಆ ವಿಲನ್ ಬಗ್ಗೆ ಬರೆಯುವಾಗೆಲ್ಲ ನನ್ನ ಕಣ್ಣ ಮುಂದಿದ್ದದ್ದು ಅತ್ತೆಯ ಇದೇ ಮುಖ, ಮತ್ತು ಅದು ಅವರಿಗೆ ಗೊತ್ತಾಗಿತ್ತು.