ಹೊಳೆ ದಾಟಿಸಿದ ಮರಿ

ಕರ್… ಕರ್… ಕರ್. ಗೋಣಿಚೀಲವನ್ನು ಒಳಗಿನಿಂದ ಪುಟ್ಟ ಉಗುರು ಕೆರೆಯುವ ಸದ್ದು. ಜೀವಮಾನದಲ್ಲಿ ಅದನ್ನು ಎರಡು ಸಲ ಕೇಳಿದ್ದೇನೆ. ಮೊದಲ ಸಲ ಕೇಳಿದಾಗ ನನಗೆ ಹತ್ತು ವರ್ಷ, ಎರಡನೆಯ ಸಲ ಎಪ್ಪತ್ತು ದಾಟಿತ್ತು.

ನಮ್ಮ ಕಡೆ ಬೇಡದ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಪಾಪ ಬರುತ್ತದೆ. ಅದಕ್ಕೆ ಹೊಳೆ ದಾಟಿಸುತ್ತಾರೆ. ದಾರಿ ಕಾಣದ ಹಾಗೆ ಗೋಣಿಯಲ್ಲಿ ಹಾಕಿ ಬಾಯಿ ಕಟ್ಟಿ, ಆಚೆ ದಡದಲ್ಲಿ ಬಿಟ್ಟು ಬರುವುದು. ನೀರು ದಾಟಿದ ಬೆಕ್ಕು ಮನೆ ಮರೆಯುತ್ತದೆ ಎಂದು ನಂಬಿಕೆ. ಈಚೆಯವರು ಆಚೆ ಬಿಡುತ್ತಿದ್ದರು, ಆಚೆಯವರು ಈಚೆ ಬಿಡುತ್ತಿದ್ದರು. ಪಾಪ ಯಾರಿಗೂ ಬರುತ್ತಿರಲಿಲ್ಲ, ಬೆಕ್ಕುಗಳು ಮಾತ್ರ ಅದಲುಬದಲಾಗುತ್ತಿದ್ದವು.

ಬೈಂದೂರಿನ ಹತ್ತಿರ ಹೊಳೆಯ ಬದಿಯಲ್ಲಿ ನಮ್ಮ ಮನೆಯಿತ್ತು. ನಾನು ಕುಂದಾಪುರದಲ್ಲಿ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ, ರಜೆಗೆ ಮನೆಗೆ ಬಂದಿದ್ದೆ. ಮೂರು ವರ್ಷ ದೊಡ್ಡವಳಾದ ಅಕ್ಕ ಒಂದು ಕಂದು ಬಣ್ಣದ ಮರಿ ಸಾಕಿಕೊಂಡಿದ್ದಳು. ಅದು ಹಾಲಿನ ಪಾತ್ರೆಗೆ ಬಾಯಿ ಹಾಕಿದ ದಿನ ಅಪ್ಪಯ್ಯ ಗೋಣಿ ಕಟ್ಟಿ ನನ್ನ ಕೈಗೆ ಕೊಟ್ಟರು. ಅಕ್ಕ ಜ್ವರದಲ್ಲಿ ಮಲಗಿದ್ದಳು. ನಾನು ಕಡವಿನ ದೋಣಿಯಲ್ಲಿ ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಆಚೆ ಮುಟ್ಟುವವರೆಗೂ ಅದೇ ಸದ್ದು. ವಾಪಸು ಬಂದಾಗ ಅಕ್ಕ ಕೇಳಿದಳು, ‘ಮರಿ ಎಲ್ಲಿ?’

‘ಓಡ್ ಹೋಯ್ತ್’ ಎಂದೆ.

ಅವಳು ನನ್ನ ಫ್ರಾಕಿಗೆ ಅಂಟಿದ್ದ ಗೋಣಿಯ ನಾರನ್ನು ನೋಡಿದಳು. ಗೋಡೆ ಕಡೆ ತಿರುಗಿ ಮಲಗಿದಳು.

ಆಮೇಲೆ ಅಕ್ಕ ನನ್ನ ಮೇಲೆ ಸಿಟ್ಟು ಮಾಡಿದ್ದಿಲ್ಲ. ನನಗೆ ಎಲೊಕ್ಯೂಷನ್ನಿನಲ್ಲಿ ಬಹುಮಾನ ಬಂದರೆ, ‘ಬೆಕ್ಕ್ ದಾಟ್ಸಿದವ್ಳಿಗೆ ಪ್ರೈಜ್ ಅಂಬ್ರ್’ ಎಂದು ನಗುತ್ತಿದ್ದಳು. ಟೀಚರ್ ಕೆಲಸ ಸಿಕ್ಕಿದಾಗಲೂ ಅದೇ, ‘ಬೆಕ್ಕ್ ದಾಟ್ಸಿದವ್ಳ್ ಮಕ್ಳಿಗ್ ಇಂಗ್ಲಿಷ್ ಕಲ್ಸತ್ಳ್ ಅಂಬ್ರ್.’ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮದುವೆಯಾಗಿ ಮುಂಬೈಗೆ ಹೋದಳು, ಮಕ್ಕಳಾದರು, ಮೊಮ್ಮಕ್ಕಳಾದರು. ಆದರೆ ಮತ್ತೆ ಒಂದು ಬೆಕ್ಕನ್ನು ಅವಳು ಸಾಕಲಿಲ್ಲ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಎರಡನೆಯ ಸಲ ಆ ಸದ್ದು ಕೇಳಿದ್ದು ಕುಂದಾಪುರದ ನನ್ನ ಮನೆಯ ಜಗಲಿಯಲ್ಲಿ. ಸೇತುವೆ ದಾಟಿ ದಿನವೂ ಮೀನು ತರುವವಳು ಆ ದಿನ ಬುಟ್ಟಿ ಇಳಿಸುವ ಮೊದಲೇ ಕಂಕುಳಲ್ಲಿದ್ದ ಒಂದು ಗೋಣಿಯನ್ನು ನನ್ನ ಕಾಲ ಬಳಿ ಇಟ್ಟಳು.

‘ಹ್ವಾಯ್ ಟೀಚರಮ್ಮ, ಇದನ್ನ್ ನೀವೇ ಬಿಚ್ಚಿ. ಸೇತ್ವಿ ಮೇಲ್ ಬಿದ್ಕಂಡಿತ್. ಯಾರೋ ಪುಣ್ಯಾತ್ಮರ್ ಬಾಯಿ ಬಿಚ್ಚುಕೂ ಸೋಮಾರಿ.’

‘ನಾನ್ ಎಂತ ಮಾಡೂದ್ ಮಾರಾಯ್ತಿ?’

‘ನಂಗ್ ಎಂತ ಗೊತ್ತ್? ನಾನ್ ಬಂಗ್ಡಿ ಮಾರುವವ್ಳ್. ಬೆಕ್ಕ್ ತಕಂಡ್ ಹೋರೆ ಬುಟ್ಟಿ ಉಳೀತ್ತಾ?’

ಗಂಟು ಬಿಚ್ಚಿದೆ. ಬೂದು ಬಣ್ಣದ, ಅಂಗೈಯಗಲದ ಜೀವ. ಒಂದು ಕಣ್ಣು ಅಂಟಿಕೊಂಡಿತ್ತು. ನಾನು ಮುಟ್ಟಿದ ಕೂಡಲೇ ಗೋಣಿಯ ಮೂಲೆಗೆ ಸರಿದು ಇಡೀ ಮನೆ ಕೇಳುವಂತೆ ಅರಚಿತು. ಸರಿಯಾಗಿ ಅದೇ ಹೊತ್ತಿಗೆ ಅಕ್ಕನ ಫೋನು. ಆ ವಯಸ್ಸಿನಲ್ಲೂ ಅವಳಿಗೆ ನಾನು ‘ಹೆಣೆ’, ಹುಡುಗಿಯೇ.

‘ಹೆಣೆ, ಅದ್ ಎಂತ ಮರ್ಕುದ್ ಅಲ್ಲ್?’

‘ಬೆಕ್ಕಿನ್ ಮರಿ ಅಕ್ಕ. ಯಾರೋ ಹೊಳಿ ದಾಟ್ಸುಕ್ ಹೋದ್ದ್.’

ಆ ಕಡೆ ಅಕ್ಕ ಟಿವಿಯ ಸದ್ದು ಸಣ್ಣದು ಮಾಡಿದ್ದು ಕೇಳಿಸಿತು. ಮತ್ತೆ, ‘ಈಗ್ ಬಂತಾ? ವಾಪಾಸ್ ಬಪ್ಪುಕ್ ಅರವತ್ತ್ ವರ್ಷ ತಕಂಡ್ತ್ ಕಾಣ್.’

ನಗೆ ಬರಬೇಕಿತ್ತು, ಬರಲಿಲ್ಲ. ಬಾಯಿಂದ ಬಂದದ್ದು ಬೇರೆಯೇ. ‘ನಿಂಗೇ ತಂದ್ ಕೊಡ್ತೆ ಅಕ್ಕ.’

‘ನೀನಾ? ಕೋಟಕ್ಕ್ ಬಸ್ಸಗ್ ಹೋರೆ ವಾಂತಿ ಮಾಡುವವ್ಳ್, ಮುಂಬೈಗ್ ಬೆಕ್ಕ್ ತತ್ತ್ಯಾ?’

‘ತತ್ತೆ.’

‘ಹೇಳುಕ್ ಎಂತ. ಕಾಂಬ.’ ಅಕ್ಕ ಫೋನಿಟ್ಟಳು. ‘ಬೇಡ’ ಎಂದು ಮಾತ್ರ ಹೇಳಲಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಹೇಳಿಕೊಟ್ಟದ್ದು, ಎ ಪ್ರಾಮಿಸ್ ಈಸ್ ಎ ಪ್ರಾಮಿಸ್. ಆದರೆ ಹೇಗೆ? ರೈಲಿನಲ್ಲಿ ಒಯ್ಯುವುದಾದರೆ ಹೆಚ್ಚಾಗಿ ಹಿಂದಿನ ಡಬ್ಬಿಯ ಪೆಟ್ಟಿಗೆಯಲ್ಲೇ ಹಾಕಬೇಕು ಎಂದರು ಸ್ಟೇಷನ್ನಿನವರು. ಮತ್ತೆ ಕತ್ತಲೆ, ಮತ್ತೆ ಮುಚ್ಚಿದ ಬಾಯಿ. ಅದಾಗದು. ವಿಮಾನದಲ್ಲಾದರೆ ನಮ್ಮ ಸೀಟಿನ ಎದುರೇ, ಕಾಲ ಬಳಿ ಇಟ್ಟುಕೊಳ್ಳಬಹುದು. ಬ್ರಹ್ಮಾವರದ ಬೆಕ್ಕಿನ ಡಾಕ್ಟರು ಎಲ್ಲವನ್ನೂ ಬರೆದುಕೊಟ್ಟರು. ಮೂರು ತಿಂಗಳಾಗಬೇಕು, ಇಂಜೆಕ್ಷನ್ ಆಗಬೇಕು, ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಮತ್ತೆ ಮೆತ್ತನೆಯ, ಜಿಪ್ ಇರುವ, ಗಾಳಿಯಾಡುವ ಚೀಲ ಬೇಕು.

ಚೀಲ ಎಂದರೆ ಈ ಮರಿಗೆ ಯಮ. ತರಕಾರಿ ಚೀಲ ಅಲುಗಾಡಿದರೂ ಮಂಚದ ಅಡಿ ಸೇರುತ್ತಿತ್ತು. ‘ಬಲವಂತ ಮಾಡಬೇಡಿ. ಚೀಲವನ್ನು ಬಾಯಿ ತೆರೆದು ಅಡುಗೆಮನೆಯಲ್ಲೇ ಇಟ್ಟಿರಿ, ಅದೇ ಒಳಗೆ ಹೋಗುವ ಹಾಗೆ ಮಾಡಿ’ ಎಂದರು ಡಾಕ್ಟರು. ನಾನು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು, ‘ಲಿಂಬೆಯ ವಾಸನೆ ಬೆಕ್ಕಿಗೆ ಆಗದು, ಅದರ ಹತ್ತಿರ ತರಬೇಡಿ.’ ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಪಾಯ ಕೊಟ್ಟವಳು ಮೀನಿನವಳು. ‘ಚೀಲ್ದ ಅಡಿಗ್ ಒಂದ್ ಹಿಡಿ ಒಣ್ ಸಿಗಡಿ ಹಾಕಿ ಟೀಚರಮ್ಮ. ಬೆಕ್ಕ್ ಎಂತ, ನಾನೇ ಹೋತೆ ಒಳ್ಗ್.’

ಆರು ವಾರ ಅದೇ ಕೆಲಸ. ಬೆಳಿಗ್ಗೆ ಚೀಲದ ಒಳಗೆ ನಾಲ್ಕು ಒಣ ಸಿಗಡಿ ಹಾಕಿ, ಉಗುರಿನಿಂದ ಚೀಲದ ಬದಿಗೆ ಟಕ್ ಟಕ್ ಟಕ್ ಎಂದು ತಟ್ಟುವುದು. ಮೊದಲ ವಾರ ಅದು ದೂರದಿಂದಲೇ ಮೂಸಿ ಹಿಂದೆ ಸರಿಯಿತು. ಎರಡನೆಯ ವಾರ ತಲೆ ತೂರಿಸಿತು, ಮೂರನೆಯ ವಾರ ಮುಂಗಾಲು ಇಟ್ಟಿತು. ಒಂದು ಮಧ್ಯಾಹ್ನ ನಾನು ಪೇಪರ್ ಓದಿ ತಲೆಯೆತ್ತಿದರೆ ಮಹಾರಾಯ ಚೀಲದೊಳಗೆ ಹೊಟ್ಟೆ ಮೇಲೆ ಮಾಡಿ ಮಲಗಿದ್ದಾನೆ! ಮೂವತ್ತೈದು ವರ್ಷ ಪಾಠ ಮಾಡಿದವಳು ನಾನು. ಯಾವ ಮಕ್ಕಳ ರಿಸಲ್ಟ್ ನೋಡಿದಾಗಲೂ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ಹೊರಟ ದಿನ ಬಾಡಿಗೆ ಕಾರಿನಲ್ಲಿ ಕೋಟ ದಾಟುವವರೆಗೂ ಮರಿ ಸುಮ್ಮನಿತ್ತು. ಮಾಬುಕಳದ ಸೇತುವೆ ಹತ್ತಿದ ಕೂಡಲೇ ಚಕ್ರದ ಸದ್ದು ಬದಲಾಯಿತು. ಒಳಗಿನಿಂದ ಕರ್… ಕರ್ ಎಂದಿತು. ನಾನು ಹೊರಗಿನಿಂದ ಟಕ್ ಟಕ್ ಎಂದೆ. ಕೆರೆತ ನಿಂತಿತು. ಬ್ರಹ್ಮಾವರ, ಉಡುಪಿ ಕಳೆದು ಬಜ್ಪೆಯ ವಿಮಾನ ನಿಲ್ದಾಣ ಮುಟ್ಟುವವರೆಗೆ ಎಷ್ಟು ಸೇತುವೆ ಸಿಕ್ಕಿತೋ ಅಷ್ಟು ಸಲ ನಾವಿಬ್ಬರೂ ಹಾಗೇ ಮಾತಾಡಿಕೊಂಡೆವು.

ಏರ್‌ಪೋರ್ಟಿನ ಕೌಂಟರಿನಲ್ಲಿ ತೂಕ ಸರಿಬಂತು. ಸರ್ಟಿಫಿಕೇಟೂ ಸರಿಯಿತ್ತು. ಕೌಂಟರಿನ ಹುಡುಗಿ ಚೀಲದ ಜಾಲರಿಗೆ ಮುಖ ತಂದವಳು ತಟ್ಟನೆ ಹಿಂದೆ ಸರಿದಳು.

‘ಮ್ಯಾಮ್, ಪೆಟ್‌ಗೆ ಹುಷಾರಿಲ್ವಾ? ಇಷ್ಟು ವಾಸನೆ ಇದ್ರೆ ಕ್ಯಾಬಿನ್‌ನಲ್ಲಿ ಬಿಡೋಕೆ ಆಗಲ್ಲ.’

‘ಎಂತ ವಾಸನೆ?’ ಎಂದೆ. ಸತ್ಯವಾಗಿ ನನಗೆ ಏನೂ ಬರುತ್ತಿರಲಿಲ್ಲ. ಒಣ ಮೀನಿನ ಜಾಡಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಮೂಗಿಗೆ ಅದು ವಾಸನೆಯೇ ಅಲ್ಲ. ಹಿಂದೆ ಕ್ಯೂನಲ್ಲಿದ್ದ ಸೂಟಿನವರು ಕರ್ಚೀಫು ತೆಗೆದದ್ದು ನೋಡಿದ ಮೇಲೆ ಗೊತ್ತಾಯಿತು. ಆರು ವಾರದ ಸಿಗಡಿ ಚೀಲದ ಎಳೆ ಎಳೆಯೊಳಗೂ ಇಳಿದಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್ ಮೇಜು ತಟ್ಟಿ ‘ಚಿನ್ ಅಪ್, ಗರ್ಲ್ಸ್’ ಎನ್ನುತ್ತಿದ್ದರು. ಗಲ್ಲ ಎತ್ತಿದೆ. ‘ಯಂಗ್ ಲೇಡಿ, ದಿಸ್ ಈಸ್ ನಾಟ್ ಸಿಕ್‌ನೆಸ್. ದಿಸ್ ಈಸ್ ಡ್ರೈಡ್ ಪ್ರಾನ್.’

ಹುಡುಗಿ ನಗು ತಡೆಯಲು ಕಂಪ್ಯೂಟರಿನ ಹಿಂದೆ ಬಗ್ಗಿದಳು. ಎದ್ದ ಮೇಲೆ ನಿಯಮ ನಿಯಮವೇ. ಅರ್ಧ ಗಂಟೆ ಇದೆ, ವಾಸನೆ ಹೋದರೆ ಬಿಡುತ್ತೇವೆ, ಇಲ್ಲವಾದರೆ ಇಲ್ಲ.

ಅರ್ಧ ಗಂಟೆ. ಅತ್ತ ಮುಂಬೈಯಲ್ಲಿ ಅಕ್ಕ, ನಾನು ಇಂಥ ಹೊತ್ತಿಗೆ ಬರುತ್ತೇನೆ ಎಂದದ್ದನ್ನು ನಂಬದಿದ್ದರೂ, ಹಾಲು ತಂದಿಟ್ಟಿದ್ದಳಂತೆ. ನಾನು ಹೆಂಗಸರ ಬಾತ್‌ರೂಮಿಗೆ ಹೋಗಿ, ಮರಿಗೆ ಕೊರಳಪಟ್ಟಿಯ ಹಗ್ಗ ಹಾಕಿ ಸೊಂಟಕ್ಕೆ ಒರಗಿಸಿಕೊಂಡು, ಸಿಗಡಿ ಹುಡಿ ತುಂಬಿದ್ದ ಹಾಸನ್ನು ಕಿತ್ತು ಎಸೆದೆ. ಅಕ್ಕನಿಗೆಂದು ಹಿತ್ತಲಿನ ಲಿಂಬೆಹಣ್ಣು ತಂದಿದ್ದೆ. ಮೀನು ಕೊಯ್ದ ಕೈಗೆ ಲಿಂಬೆ ತಿಕ್ಕುವುದು ನಮ್ಮಲ್ಲಿ ಕೈ ತೊಳೆದಷ್ಟೇ ಸಹಜ. ಯೋಚನೆ ಮಾಡಿ ಮಾಡುವುದಲ್ಲ. ಹಲ್ಲಿನಿಂದ ಸಿಪ್ಪೆ ಕಚ್ಚಿ, ನಾಲ್ಕು ಹಣ್ಣಿನ ರಸ ಹಿಂಡಿ ಚೀಲದ ಒಳಗೆ ಹೊರಗೆ ತಿಕ್ಕಿ ಒರೆಸಿದೆ. ಗಮಗಮ ಎಂದಿತು. ಮರಿ ಮೂಗು ಸೊಟ್ಟ ಮಾಡಿ ಮುಖವನ್ನು ನನ್ನ ಸೆರಗಿನೊಳಗೆ ಹುದುಗಿಸಿತು. ಆಗ ಡಾಕ್ಟರ ಮಾತು ನೆನಪಾಯಿತು.

ಅಯ್ಯೋ ದೇವರೆ. ಆರು ವಾರದ ಪಾಠವನ್ನು ನಾಲ್ಕು ಲಿಂಬೆಯಲ್ಲಿ ಅಳಿಸಿ ಹಾಕಿದ್ದೆ.

ಹೊದೆದುಕೊಂಡಿದ್ದ ಹಳೆಯ ಹತ್ತಿ ಶಾಲನ್ನು ಎರಡು ಮಡಿಕೆ ಮಾಡಿ ಚೀಲದ ಅಡಿಗೆ ಹಾಸಿದೆ. ರಾತ್ರಿ ಮರಿ ಮಲಗುತ್ತಿದ್ದದ್ದು ಅದರ ಮೇಲೆಯೇ. ಮರಿಯನ್ನು ಎತ್ತಿಕೊಂಡೇ ಕೌಂಟರಿಗೆ ಹೋದೆ. ಹುಡುಗಿ ಮೂಸಿದಳು, ತಲೆಯಾಡಿಸಿದಳು, ಚೀಟಿ ಕಟ್ಟಿದಳು. ‘ಸೆಕ್ಯೂರಿಟಿ ಆದಮೇಲೆ ಒಳಗೇ ಇರ್ಬೇಕು ಮ್ಯಾಮ್. ಕೈಯಲ್ಲಿ ಹಿಡ್ಕೊಂಡು ವಿಮಾನ ಹತ್ತೋ ಹಾಗಿಲ್ಲ.’

ಸೆಕ್ಯೂರಿಟಿಯಲ್ಲಿ ಚೀಲ ಒಂದು ಕಡೆ ಮೆಷಿನ್ನಿನೊಳಗೆ ಹೋಯಿತು, ಮರಿ ನನ್ನ ಎದೆಗಂಟಿಕೊಂಡು ಇನ್ನೊಂದು ಕಡೆ ಬಂತು. ಆಚೆ ಬಂದು ಚೀಲದ ಹತ್ತಿರ ತಂದದ್ದೇ ತಡ, ನಾಲ್ಕು ಕಾಲಿನ ಉಗುರೂ ನನ್ನ ಭುಜಕ್ಕೆ ಇಳಿಯಿತು.

ತಪಾಸಣೆಯ ಹೆಂಗಸು ಹಿಂದಿಯಲ್ಲಿ, ‘ಮಾತಾಜಿ, ನಾನು ಕುತ್ತಿಗೆ ಹಿಡಿದು ಹಾಕಿಬಿಡಲಾ? ಎರಡು ಸೆಕೆಂಡ್’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನನಗೂ ಆಗುತ್ತಿತ್ತು. ತುರುಕಿ ಜಿಪ್ ಎಳೆದರೆ ಮುಗಿಯಿತು. ಹತ್ತನೆಯ ವಯಸ್ಸಿನಲ್ಲಿ ಅಪ್ಪಯ್ಯ ಹಾಗೆ ಮಾಡಿದ್ದನ್ನು ನೋಡಿದ್ದೆನಲ್ಲ.

‘ನೋ, ಥ್ಯಾಂಕ್ ಯು. ಅದೇ ಹೋಗುತ್ತದೆ’ ಎಂದೆ.

ಚೀಲವನ್ನು ನೆಲದ ಮೇಲಿಟ್ಟು, ಬಾಯಿ ಪೂರ್ತಿ ತೆರೆದು, ಮೊಣಕಾಲು ನೋವನ್ನು ಬೈದುಕೊಂಡು ಅಲ್ಲೇ ಕುಳಿತೆ. ಹಗ್ಗವನ್ನು ಕೈಗೆ ಸುತ್ತಿ ಮರಿಯನ್ನು ಕೆಳಗೆ ಬಿಟ್ಟೆ. ಟಕ್ ಟಕ್ ಟಕ್. ಮರಿ ಮೂಸಿತು, ಲಿಂಬೆ ಮೂಗಿಗೆ ಬಡಿದು ಹಿಂದೆ ಸರಿಯಿತು. ಸುತ್ತ ಬೂಟುಗಳು, ಟ್ರಾಲಿಗಳು, ಒಂದು ಮಗು ‘ಕ್ಯಾಟ್! ಕ್ಯಾಟ್!’ ಎಂದು ಕುಣಿಯುತ್ತಿತ್ತು. ಟಕ್ ಟಕ್ ಟಕ್. ನನ್ನ ಮುಖ ನೋಡಿತು. ಚೀಲ ನೋಡಿತು. ಶಾಲಿನ ಅಂಚನ್ನು ಒಮ್ಮೆ ಕಾಲಿನಿಂದ ಒತ್ತಿತು, ಇನ್ನೊಮ್ಮೆ ಒತ್ತಿತು. ಮೂಗನ್ನು ಆಚೆ ತಿರುಗಿಸಿಕೊಂಡೇ, ಬೇಡದ ಮದ್ದು ಕುಡಿಯುವವರ ಹಾಗೆ, ಒಳಗೆ ನಡೆದುಹೋಗಿ ಶಾಲಿನ ಮೇಲೆ ಸುತ್ತಿಕೊಂಡಿತು.

ತಪಾಸಣೆಯ ಹೆಂಗಸು ಚಪ್ಪಾಳೆ ತಟ್ಟಿದಳು. ನಾನು ಜಿಪ್ ಎಳೆದು, ಇಬ್ಬರು ಹಿಡಿದೆತ್ತಿದ ಮೇಲೆ ಎದ್ದು ನಿಂತೆ. ಭುಜದಲ್ಲಿ ರಕ್ತದ ನಾಲ್ಕು ಚುಕ್ಕೆ. ಆ ಕುಪ್ಪಸವನ್ನು ನಾನು ಈಗಲೂ ಒಗೆದು ಮಡಚಿ ಇಟ್ಟಿದ್ದೇನೆ. ಮೆಡಲ್ ಇಡುವುದಿಲ್ಲವೇ, ಹಾಗೆ.

ವಿಮಾನ ಎದ್ದಾಗ ಕಿಟಕಿಯಲ್ಲಿ ಕಡಲು, ಕಡಲಿಗೆ ಸೇರುವ ಹೊಳೆಗಳು. ನಮ್ಮ ಹೊಳೆ ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಕಾಲ ಬಳಿ ಮರಿ ನಿದ್ದೆ ಮಾಡುತ್ತಿತ್ತು.

ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿ ಕುಳಿತಿದ್ದಳು. ಚೀಲವನ್ನು ಅವಳ ಎದುರಿಟ್ಟು ಜಿಪ್ ತೆರೆದೆ. ಮರಿ ಹೊರಗೆ ಬಂದು ಮೈ ಮುರಿದು, ಅವಳ ಕಾಲಿನ ಮೇಲೆ ಕುಳಿತಿತು. ಅಕ್ಕ ಬಹಳ ಹೊತ್ತು ಅದನ್ನು ಎತ್ತಲಿಲ್ಲ.

‘ಗೋಣಿ ಅಲ್ದಾ?’ ಎಂದಳು ಕೊನೆಗೆ.

‘ಅಲ್ಲ ಅಕ್ಕ. ಅದೇ ಹೊಕ್ಕದ್ದ್.’

‘ಲಿಂಬಿ ಹಣ್ಣ್ ವಾಸ್ನಿ ಎಂತಕ್?’

ಎಲ್ಲ ಹೇಳಿದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನಿದ್ದ ಹತ್ತು ದಿನದಲ್ಲಿ ಬಂದವರಿಗೆಲ್ಲ ಅದೇ ಕತೆ, ‘ನನ್ನ ತಂಗಿ. ಬೆಕ್ಕಿನ್ ಮರಿ ವಿಮಾನ್ದಗೆ ತಂದವ್ಳ್.’ ಹಳೆಯ ಮಾತನ್ನು ಒಮ್ಮೆಯೂ ಆಡಲಿಲ್ಲ.

ಹೊರಡುವ ದಿನ ನಾನು ಕೈಚೀಲ ಹಿಡಿದು ನಿಂತಾಗ ಅಕ್ಕ ಬೆನ್ನು ನನ್ನ ಕಡೆ ಮಾಡಿ ನೆಲದಲ್ಲಿ ಕುಳಿತಿದ್ದಳು. ಮರಿ ಅವಳ ಸೆರಗು ಹತ್ತುತ್ತಿತ್ತು. ಅವಳು ಉಗುರಿನಿಂದ ನೆಲಕ್ಕೆ ಟಕ್ ಟಕ್ ಎಂದು ತಟ್ಟಿ ಅದನ್ನು ಇಳಿಸುವ ಆಟವಾಡುತ್ತಿದ್ದಳು. ‘ಬತ್ತೆ ಅಕ್ಕ’ ಎಂದೆ.

‘ಹ್ಞೂಂ’ ಎಂದಳು, ತಿರುಗದೆ. ‘ಬಾಗ್ಲ್ ಹಾಕಂಡ್ ಹೋಗ್ ಹೆಣೆ. ಮರಿ ಹೊರ್ಗ್ ಓಡತ್ತ್.’

ಅಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ: ಅವಳ ಬೆನ್ನು, ಬಿಳಿ ತುರುಬು, ಭುಜದ ಮೇಲೆ ಇಣುಕುವ ಎರಡು ಬೂದು ಕಿವಿ. ನಾನು ಬಾಗಿಲು ಹಾಕಿ, ಚಿಲಕ ಬಿದ್ದಿತೇ ಎಂದು ಎರಡು ಸಲ ಎಳೆದು ನೋಡಿ, ಇಳಿದು ಬಂದೆ.