ಕ್ಯಾಲೆಂಡರಿನಲ್ಲಿ ಬಂದ ನೀರು

ಹಂಸ ಡಿಸೈನ್ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ಶಿವಾಜಿನಗರದ ಅಹ್ಮದ್ ಪಾಷಾ ಅವರ ಮದುವೆ ಕಾರ್ಡಿನ ಪ್ರೆಸ್ಸಿನಲ್ಲಿ. ತೊಂಬತ್ತೈದನೇ ಇಸವಿ. ಅಲ್ಲಿದ್ದ ಒಂದೇ ಕಂಪ್ಯೂಟರು ಎಷ್ಟು ನಿಧಾನವೆಂದರೆ, ಅದು ಕಣ್ಣು ಬಿಡುವಷ್ಟರಲ್ಲಿ ಗೊತ್ತಾದ ಮದುವೆ ಮುರಿದು, ಗಂಡು ಇನ್ನೊಂದು ಕಡೆ ಉಪ್ಪಿಟ್ಟು ತಿಂದು ಬರಬಹುದಿತ್ತು. ಕನ್ನಡ, ಉರ್ದು, ತಮಿಳು, ಇಂಗ್ಲಿಷು ನಾಲ್ಕನ್ನೂ ಅಂಗೈಯಗಲದ ಕಾರ್ಡಿನಲ್ಲಿ ಜಗಳವಿಲ್ಲದೆ ಕೂರಿಸಬೇಕು.

"ಹೂವು ಬಳ್ಳಿ ಆಮೇಲ್ ಬಿಡ್ಸಮ್ಮಾ," ಎನ್ನುತ್ತಿದ್ದರು ಪಾಷಾ. "ಯಾವ ದಿನ, ಯಾವ ಛತ್ರ, ಅದು ಮುದುಕೀರಿಗೂ ಕನ್ನಡಕ ಇಲ್ದೆ ಕಾಣ್ಬೇಕು. ಇಲ್ಲಾಂದ್ರೆ ಪಕ್ಕದ್ ಮದ್ವೇಲಿ ಉಂಡ್ಕೊಂಡ್ ಹೋಗ್ತಾರೆ."

ಈ ಒಂದು ಮಾತನ್ನು ಬಂಡವಾಳ ಮಾಡಿಕೊಂಡು ಹಂಸ ಐದು ವರ್ಷದಲ್ಲಿ ಇಂದಿರಾನಗರದ ವೆಬ್‌ಸೈಟ್ ಕಂಪನಿಯೊಂದರ ಡಿಸೈನರ್ ಆದಳು. ಅದರ ಮಾಲೀಕ ಧಾರವಾಡದ ಕಡೆಯ ರವಿಕಿರಣ. ಮನುಷ್ಯ ಒಳ್ಳೆಯವನೇ, ಪುಕ್ಕಲುತನ ಮಾತ್ರ ಆರು ಜನಕ್ಕೆ ಹಂಚಿ ಮಿಗುವಷ್ಟು.

ಎರಡು ಸಾವಿರದ ಆರರಲ್ಲಿ ಕೆ.ಆರ್. ಪುರದ ಕಡೆಯ ನೀರಿನ ಕಚೇರಿಯೊಂದು ಕಂಪನಿಗೆ ವೆಬ್‌ಸೈಟ್ ಕೆಲಸ ಕೊಟ್ಟಿತು. ಯಾವ ಬೀದಿಗೆ ಯಾವ ದಿನ ನೀರು ಬಿಟ್ಟರು ಎಂಬ ಪಟ್ಟಿಗೆ ಚೆಂದದ ರೂಪ ಕೊಡುವುದು ಹಂಸಳ ಪಾಲಿಗೆ ಬಂತು. ಕೊಟ್ಟಳು. ಕೊನೆಗೆ ನೋಡಿದರೆ ಅವಳ ಸ್ವಂತ ಬೀದಿಯ ಮುಂದೆ "ದಿನ ಬಿಟ್ಟು ದಿನ" ಎಂದಿದೆ. ಆ ಬೀದಿಯ ನಲ್ಲಿಯಲ್ಲಿ ನೀರು ಕಂಡರೆ ಜನ ಮೊದಲು ಆರತಿ ಎತ್ತಿ, ಮನೆ ಕಡೆ ಎಲ್ಲಾ ಕ್ಷೇಮವೇ ಎಂದು ವಿಚಾರಿಸಿ, ಆಮೇಲೆ ಕೊಡ ಇಡುತ್ತಿದ್ದರು.

ಸಂಜೆ ಮನೆಗೆ ಹೋದವಳೇ ಅಮ್ಮ ಮಾರಕ್ಕನ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್ ತಿರುವಿದಳು. ಹಾಲು ಬರದ ದಿನಕ್ಕೆ ಕೆಂಪು ಗೀಟು, ನೀರು ಬಂದ ದಿನಕ್ಕೆ ನೀಲಿ ಸುತ್ತು. ತಿಂಗಳಿಗೆಲ್ಲಾ ನಾಲ್ಕೇ ಸುತ್ತು. ಬೀದಿಯ ಕೊನೆಯ ಮನೆಯ ಬದ್ರುನ್ನೀಸಾ ಕ್ಯಾಲೆಂಡರಿನಲ್ಲಿ ಎರಡು. ಕಚೇರಿಗೆ ಗೊತ್ತಿಲ್ಲದ ಕಡತ ಮನೆಮನೆಯಲ್ಲೂ ಮೊಳೆಗೆ ನೇತಾಡುತ್ತಿತ್ತು!

ಭಾನುವಾರ ಭಾನುವಾರ ಕ್ಯಾಮೆರಾ ಹಿಡಿದು ಹಂಸ ಇನ್ನೂರು ಬಾಗಿಲುಗಳ ಹಿಂದೆ ಹೊಕ್ಕಳು. ಕಚೇರಿಯ ವೆಬ್‌ಸೈಟ್ ಉದ್ಘಾಟನೆಯಾದ ದಿನವೇ ತನ್ನದೊಂದು ಪುಟವನ್ನೂ ತೆರೆದಳು. ಎಡಕ್ಕೆ ಕಚೇರಿಯ ಪಟ್ಟಿ, ಬಲಕ್ಕೆ ಹೆಂಗಸರ ಕ್ಯಾಲೆಂಡರುಗಳ ಪಟ್ಟಿ. ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು, ತಾಳೆ ಹಾಕಬಹುದು.

ವಾರದೊಳಗೆ ಜೀಪು ಬಂತು. ನೀರಿನ ಕಚೇರಿಯ ಎಂಜಿನಿಯರ್ ಇಳಿದರು, ಹಿಂದೆ ಬೆವರುತ್ತಾ ರವಿಕಿರಣ. ಎಂಜಿನಿಯರ್ ನೆಟ್ಟಗೆ ಮಾರಕ್ಕನ ಕ್ಯಾಲೆಂಡರಿನ ಮುಂದೆ ನಿಂತು, ಬೆರಳಿಟ್ಟು ಎಣಿಸಿ, ಯುದ್ಧ ಗೆದ್ದವರಂತೆ ತಿರುಗಿದರು.

"ನಾಲ್ಕೇ ಸುತ್ತು! ತಿಂಗಳಲ್ಲಿ ನಾಲ್ಕ್ ದಿನ ನೀರು ತಪ್ಪಿದ್ದಕ್ಕೆ ಇಷ್ಟೊಂದ್ ರಂಪಾನೇನ್ರೀ?"

"ಸ್ವಾಮಿ," ಎಂದಳು ಮಾರಕ್ಕ, "ಹಾಲು ದಿನಾ ಬರುತ್ತೆ, ಅದ್ಕೆ ಬರ್ದಿದ್ ದಿನ ಗುರುತು. ನಿಮ್ ನೀರಿಗೆ ಬಂದಿದ್ ದಿನ ಗುರುತು. ನೀವೂ ಹಾಲಿನೋನ್ ಥರಾ ಬನ್ನಿ, ಗುರುತು ಬದಲಾಯ್ಸೋಣ."

ಬೀದಿಗೆ ಬೀದಿಯೇ ನಕ್ಕಿತು. ಆ ನಗುವಿಗೆ ಹಲಸೂರು ಕೆರೆಯ ಬಾತುಕೋಳಿಗಳು ಎದ್ದವಂತೆ. ಎಂಜಿನಿಯರ್ ಕೆಂಪಗಾದರು. "ಈ ಕ್ಯಾಲೆಂಡರ್‌ಗಳನ್ನೆಲ್ಲಾ ಪರಿಶೀಲನೆಗೆ ಆಫೀಸಿಗೆ ತಗೊಂಡ್ ಹೋಗ್ಬೇಕು."

ಬದ್ರುನ್ನೀಸಾ ಬಾಗಿಲಿಗೆ ಅಡ್ಡ ನಿಂತಳು. "ನೋಡೋಕೆ ದಿನಾ ಬನ್ನಿ ಸಾಬ್, ಚಾ ಕೊಡ್ತೀವಿ. ಮೊಳೆಯಿಂದ ಮಾತ್ರ ಇಳಿಯಲ್ಲ."

ಎಂಜಿನಿಯರ್ ರವಿಕಿರಣನಿಗೆ ಹೇಳಿದರು: ನಾಳೆಯೊಳಗೆ ಆ ಪುಟ ಹೋಗಬೇಕು, ಇಲ್ಲವೇ ಕಂಪನಿಯ ಕೆಲಸ ಹೋಗುತ್ತದೆ.

"ತಗದ್ಬಿಡ್ರೀ ಹಂಸ," ರವಿಕಿರಣ ಅಂಗಲಾಚಿದ. "ಒಂದು ಪೇಜ್ ಅಷ್ಟ. ನಿಮ್ಮ ನೌಕರಿನೂ ಉಳೀತದ, ನಂದೂ ಮರ್ಯಾದಿ ಉಳೀತದ."

ಹಂಸಳಿಗೆ ಆಫೀಸಿನ ತನ್ನ ಕುರ್ಚಿ ನೆನಪಾಯಿತು. ಆರು ವರ್ಷದ ಕುರ್ಚಿ ಅದು. ಪ್ರೆಸ್ಸಿನ ಮಸಿ ತೊಳೆದುಕೊಂಡು ಏರಿದ ಕುರ್ಚಿ.

"ಸುಳ್ಳು ಪಟ್ಟೀನ ಅಷ್ಟು ಚೆನ್ನಾಗಿ ಮಾಡ್ಕೊಟ್ಟೋಳು ನಾನೇ ಸಾರ್. ಬಣ್ಣಾನೂ ನಾನೇ ಆರಿಸ್ದೆ. ಪಕ್ಕದಲ್ಲಿ ನಿಜಾನೂ ಇರುತ್ತೆ. ತೆಗ್ಯಲ್ಲ."

ಮರುದಿನ ಕುರ್ಚಿ ಹೋಯಿತು. ಹಂಸ ಮನೆಯಲ್ಲೇ ಕೂತು ಕುಕ್ ಟೌನಿನ ಬೇಕರಿಗಳಿಗೆ ಬೋರ್ಡು, ಹಲ್ಲಿನ ಡಾಕ್ಟರಿಗೆ ವೆಬ್‌ಸೈಟು ಮಾಡಿಕೊಡತೊಡಗಿದಳು. ಪುಟ ತೆಗೆಯಬೇಕೆಂದು ನೀರಿನ ಕಚೇರಿಯಿಂದ ನೋಟಿಸು ಬಂತು. ಅವಳು ಪುಟಕ್ಕೆ ಮೂರನೆಯ ಪಟ್ಟಿ ಸೇರಿಸಿದಳು: ನೋಟಿಸು ಬಂದ ದಿನ. ಆ ತಿಂಗಳಲ್ಲೇ ಇನ್ನೂ ಐದು ಬಂದವು, ಅವೂ ಏರಿದವು. ನೀರಿಗಿಂತ ನೋಟಿಸೇ ಹೆಚ್ಚು ಸಲ ಹರಿದಿದೆ ಎಂಬುದನ್ನು ಪತ್ರಿಕೆಯವರು ತಾವೇ ಎಣಿಸಿ ಬರೆದರು. ಅಲ್ಲಿಗೆ ನೋಟಿಸು ನಿಂತಿತು.

ಒಂದು ಮಧ್ಯಾಹ್ನ ಎಂಜಿನಿಯರೇ ಫೋನು ಮಾಡಿದರು. "ಮೇಡಂ, ನೆನ್ನೆ ನಿಮ್ ಬೀದಿಗೆ ನೀರು ಬಿಟ್ಟಿದೀವಿ. ನಿಮ್ ಪೇಜಲ್ಲಿ ಇನ್ನೂ ಬಂದಿಲ್ಲ. ಹಾಕಿ ಸ್ವಲ್ಪ, ಮೇಲಿನೋರು ಅದನ್ನೇ ನೋಡ್ತಾರೆ."

"ನೆನ್ನೆ ನೀರು ಬಂತೇನಮ್ಮಾ?" ಎಂದು ಹಂಸ ಅಮ್ಮನ ಕಡೆ ತಿರುಗಿದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾರಕ್ಕ ತಲೆ ಎತ್ತಲಿಲ್ಲ. "ನಮ್ಮನೇಗ್ ಬಂತು. ಬದ್ರುನ್ನೀಸಾ ಮನೇಗ್ ಹೋಗಿಲ್ಲ."

"ಅವರ ಮನೇನೂ ನಮ್ ಬೀದೀಲೇ ಇದೆ ಸಾರ್," ಎಂದಳು ಹಂಸ. "ಅಲ್ಲಿ ಕೊಡ ತುಂಬ್ಲಿ, ಹಾಕ್ತೀನಿ."