ಸ್ಮಶಾನದ ಬಾಗಿಲಿನ ನಾಲ್ಕನೆಯ ಕಂಬ

ಈಗ ಉಳಿ ಹಿಡಿದರೆ ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತದೆ. ಮೊಣಕಾಲಿನ ಕತೆ ಹೇಳುವುದೇ ಬೇಡ. ಹಾಗಿರುವಾಗ ಇಗರ್ಜಿಯ ಉಸ್ತುವಾರಿ ನೋಡುವ ಗುರಿಕಾರರು ಫೋನ್ ಮಾಡಿ, ಸ್ಮಶಾನದ ಮರದ ಬಾಗಿಲನ್ನು ಒಮ್ಮೆ ನೋಡಿ ಹೋಗಿ ಎಂದಾಗ ನನಗೆ ಉತ್ಸಾಹವೇನೂ ಬರಲಿಲ್ಲ. ಹೋಗದಿರಲೂ ಆಗಲಿಲ್ಲ, ಹಿಂದೆ ಅದನ್ನು ರಿಪೇರಿ ಮಾಡಿದವನು ನಾನೇ.

ಬಾಗಿಲು ಎಂದರೆ ಬರೀ ಕದವಲ್ಲ. ಕಿರಾಲುಬೋಗಿ ಮರದ ನಾಲ್ಕು ಕಂಬ, ಮೇಲೆ ಹಂಚಿನ ಮಾಡು, ಎರಡೂ ಬದಿಗೆ ಕೂರಲು ಹಲಗೆ. ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಬೆಣೆ. ಶವದ ಪೆಟ್ಟಿಗೆ ಹೊತ್ತವರು ಅದನ್ನು ಆ ಮಾಡಿನಡಿ ಇಳಿಸುತ್ತಾರೆ. ಪಾದ್ರಿಗಳು ಅಲ್ಲಿಗೆ ಬಂದು ಪ್ರಾರ್ಥನೆ ಹೇಳಿದ ಮೇಲೆಯೇ ಒಳಗೆ. ಕಂಬಗಳು ಮಣ್ಣಿಗೆ ತಾಗದೆ ಕರಿಕಲ್ಲಿನ ಮೇಲೆ ನಿಂತಿವೆ. ನಿಲ್ಲಿಸಿದವನು ಯಾರೋ ಗೊತ್ತಿಲ್ಲ, ನನಗಿಂತ ಬುದ್ಧಿವಂತ.

ಹಿಂದೆ ನಾನು ರಿಪೇರಿಗೆ ಬಂದಾಗ ಒಂದು ಕಂಬ ಸ್ವಲ್ಪ ಅಲ್ಲಾಡುತ್ತಿತ್ತು. ಬಿಚ್ಚಿ ಕೂರಿಸಿದರೆ ನಾಲ್ಕು ದಿನದ ಕೆಲಸ. ಪೆರ್ಲದಲ್ಲಿ ಒಂದು ಮನೆಯ ಮಾಡು ನನಗಾಗಿ ಕಾಯುತ್ತಿತ್ತು. ಬುಡದ ಸುತ್ತ ಸಿಮೆಂಟು ಸುರಿದು, "ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡ್ಲಿಕ್ಕಿಲ್ಲ" ಎಂದು ಹೇಳಿ ಹೋಗಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಈ ಸಲ ಆ ಕಂಬದ ಬುಡಕ್ಕೆ ಚುಚ್ಚಿದಾಗ ಉಳಿ ಹಿಡಿಯವರೆಗೂ ಒಳಗೆ ಹೋಯಿತು. ಸಿಮೆಂಟಿನೊಳಗೆ ಮಳೆನೀರು ನಿಂತು ಮರ ಹಿಟ್ಟಾಗಿತ್ತು. ಮಿಕ್ಕ ಮೂರು ಕಂಬಗಳಿಗೆ ಉಳಿ ಇಳಿಯಲೇ ಇಲ್ಲ.

"ಮರ ಹಳತಾಯ್ತಲ್ಲ ಆಚಾರ್ರೇ," ಎಂದರು ಗುರಿಕಾರರು. "ಇನ್ನು ಆಗ್ಲಿಕ್ಕಿಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಕೆಡವಿ ಕಾಂಕ್ರೀಟಿನದ್ದು ಹಾಕಿಸುವ. ಕಮಿಟಿಯವರು ನಿಮ್ಮ ಮಾತಿಗೇ ಕಾಯ್ತಾ ಇದ್ದಾರೆ."

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ತಪ್ಪನ್ನು ಮರದ ಮೇಲೆ ಹೊರಿಸಿ, ಹೆಸರು ಉಳಿಸಿಕೊಂಡು, ಮನೆಗೆ ಹೋಗಿ ಮಲಗಬಹುದಿತ್ತು. ಆಸೆಯಾಯಿತು, ಇಲ್ಲವೆನ್ನುವುದಿಲ್ಲ.

"ಮರದ್ದು ಎಂತ ತಪ್ಪೂ ಇಲ್ಲ," ಎಂದೆ. "ಸಿಮೆಂಟು ಹಾಕಿ ಕೊಳೆಸಿದ್ದು ನಾನು. ಮೂರು ಕಂಬ ಗಟ್ಟಿ ಉಂಟು. ಇದೊಂದರ ಬುಡ ಕೊಯ್ದು ಹೊಸ ತುಂಡು ಜೋಡಿಸಿದ್ರೆ ಸಾಕು."

ಗುರಿಕಾರರು ಬಗ್ಗಿ ಆ ಬುಡಕ್ಕೆ ಬೆರಳು ಒತ್ತಿ ನೋಡಿದರು. "ಹಾಗಾದ್ರೆ ಬಾಗಿಲು ಇರ್ಲಿ. ಆದ್ರೆ ಕೆಲಸಕ್ಕೆ ಬೇರೆಯವರನ್ನು ಕರೆಯುವ. ಬೇಜಾರು ಮಾಡ್ಬೇಡಿ."

"ಬರುವವರಿಗೆ ಸಿಮೆಂಟು ಹಾಕ್ಬೇಡಿ ಅಂತ ಹೇಳಿ," ಎಂದಷ್ಟೇ ಅಂದು, ಉಳಿ ಒರೆಸಿ ಚೀಲಕ್ಕೆ ಹಾಕಿದೆ. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ. ಆದರೂ ಮಾಡಿಕೊಂಡೆ.